ಕೊಯ್ದ ಮೂಗೂ ಜಜ್ಜಿದ ಬೆರಳೂ

ಅಜ್ಜಂಪುರದ ಅಮೃತಮಹಲ್ ದನಗಳನ್ನೂ ಕಡೂರು, ತರೀಕೆರೆ ಸೀಮೆಯ ಕಾವಲುಗಳನ್ನೂ ನೀವು ಬಲ್ಲಿರಿ. ಹೈದರನ, ಟಿಪ್ಪುವಿನ ದಂಡಿನ ಭಾರವನ್ನು ಎಳೆದದ್ದು ಈ ತಳಿಯೇ. ಅಂದಿನ ಯುದ್ಧದಲ್ಲಿ ಎತ್ತು ನಿಂತರೆ ದಂಡೂ ನಿಂತಂತೆಯೇ. ಎದುರು ಪಾಳೆಯದಲ್ಲಿ ಎತ್ತು ಹೊಡೆಯುವ ಬಡಪಾಯಿಯ ಮೇಲೂ ಹಗೆಯ ಕಣ್ಣು ಏಕೆ ಬಿದ್ದಿತೆಂಬುದನ್ನು ಇದರಿಂದ ಊಹಿಸಬಹುದು.

ಅಂಥವನೊಬ್ಬ ಕಾವಸ್ಜಿ. ಮರಾಠ ಒಕ್ಕಲಿಗ, 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಬಾಳಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗನ್ನು ಕೂರಿಸಿದನು. ಈ ವೃತ್ತಾಂತ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದರಲ್ಲಿ ರೋಗಿಯ ಹೆಸರುಂಟು, ನಿಂತು ನೋಡಿದ ಇಂಗ್ಲಿಷ್ ವೈದ್ಯರ ಹೆಸರುಂಟು. ಕತ್ತಿ ಹಿಡಿದವನ ಹೆಸರು ಮಾತ್ರ ಇಲ್ಲ!

ಅವನು ಮಾಡಿದ್ದೇನು? ಮೇಣದ ತೆಳು ಬಿಲ್ಲೆಯನ್ನು ಮೋಟುಮೂಗಿನ ಮೇಲಿಟ್ಟು ಆಕಾರ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಸುತ್ತ ಗೆರೆ ಎಳೆದನು. ಗೆರೆಯಗುಂಟ ತೊಗಲನ್ನು ಬಿಡಿಸಿದನು. ಕಣ್ಣುಗಳ ನಡುವಿನ ಸಣ್ಣ ಪಟ್ಟಿಯನ್ನು ಮಾತ್ರ ಕಡಿಯಲಿಲ್ಲ. ಅದರ ಮೇಲೆಯೇ ತೊಗಲನ್ನು ತಿರುಚಿ ಇಳಿಸಿ ಮೂಗಿನ ಜಾಗದಲ್ಲಿ ಕೂಡಿಸಿದನು. ಹತ್ತಿಸಲು ಕಾಚು, ಎಲೆಯಡಿಕೆಗೆ ನಾವು ಹಾಕಿಕೊಳ್ಳುವ ಅದೇ ಕಾಚು! ನಾಲ್ಕು ದಿನ ಕಳೆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸಿದನು.

ವಿದ್ಯೆಯ ಜೀವವೆಲ್ಲ ಆ ಪಟ್ಟಿಯಲ್ಲಿದೆ. ಮಾವಿನ ಕಸಿ ಕಟ್ಟುವವರನ್ನು ನೋಡಿದ್ದೀರಲ್ಲವೆ? ಕುಂಡದ ಸಸಿಯನ್ನು ತಾಯಿಮರದ ಕೊಂಬೆಗೆ ಒತ್ತಿ ಬಿಗಿದು, ಎರಡೂ ಬೆಸೆಯುವ ತನಕ ಕೊಂಬೆಯನ್ನು ಕಡಿಯುವುದಿಲ್ಲ. ಅಲ್ಲಿ ಮರದ ರಸ, ಇಲ್ಲಿ ಮೈಯ ರಕ್ತ. ಎಲೆಯ ಅಳತೆಗೆ ಕೆನ್ನೆಯ ತೊಗಲನ್ನು ತೆಗೆದು ಮೂಗಿಗೆ ಕೂಡಿಸುವ ಕ್ರಮ ಸುಶ್ರುತಸಂಹಿತೆಯಲ್ಲಿಯೂ ಉಂಟು. ಗ್ರಂಥದ ವಿದ್ಯೆಗೆ ಸಾಕ್ಷಿ ಪಂಡಿತರ ಮನೆಯಲ್ಲಿ ಸಿಗದೆ ಇಟ್ಟಿಗೆಯವನ ಕೈಯಲ್ಲಿ ಸಿಕ್ಕಿದ್ದು ನನ್ನಂಥವರು ನೆನೆಯತಕ್ಕ ಮಾತು. ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಈ ಹಣೆಯ ಕ್ರಮವನ್ನೇ ಅನುಸರಿಸಿ, 1816ರಲ್ಲಿ ಪುಸ್ತಕ ಬರೆದನು. ಅಲ್ಲಿಂದ ಅದು ಯೂರೋಪಿನಲ್ಲಿ ಹಬ್ಬಿತು.

ಕಾವಸ್ಜಿಗೆ ಮೂಗು ಬಂತು, ಕೈ ಬರಲಿಲ್ಲ. ಕಡಿದುಹೋದ ಕೈಗೆ ತೊಗಲೊಂದರಿಂದ ಆಗುವುದೇನು? ಆದರೆ ಮೂಳೆ ಉಳಿದು ಮಾಂಸ ಹೋದ ಬೆರಳಿನ ಮಾತು ಬೇರೆ. ಕಬ್ಬಿನ ಗಾಣಕ್ಕೋ ಒಕ್ಕಣೆಯ ಯಂತ್ರಕ್ಕೋ ಸಿಕ್ಕಿ ಬೆರಳಿನ ಒಳಮೈ ಕಿತ್ತುಬಂದು ಮೂಳೆ ಬಯಲಾಯಿತೆನ್ನಿ. ತೊಡೆಯಿಂದ ತೆಗೆದ ತೆಳುಚರ್ಮ ಅಲ್ಲಿ ಹಿಡಿಯದು. ಬರಿಯ ಮೂಳೆ ಅದಕ್ಕೆ ರಕ್ತ ಊಡಲಾರದು. 1950ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಪಕ್ಕದ ಬೆರಳಿನ ಹಿಂಬದಿಯ ತೊಗಲನ್ನು ಮೂರು ಕಡೆ ಬಿಡಿಸಿ, ನಾಲ್ಕನೆಯ ಕಡೆ ಹಾಗೆಯೇ ಉಳಿಸಿ, ಪುಸ್ತಕದ ಹಾಳೆಯಂತೆ ಮಗುಚಿ ಗಾಯದ ಮೇಲೆ ಹೊಲಿಯುವುದು. ತೊಗಲು ಕೊಟ್ಟ ಬೆರಳಿಗೆ ತೆಳುಚರ್ಮದ ಹೊದಿಕೆ. ಎರಡು ಮೂರು ವಾರ ಎರಡು ಬೆರಳೂ ಅವಳಿಗಳಂತೆ ಕೂಡಿರುತ್ತವೆ. ಗಾಯ ದೊಡ್ಡದಾದರೆ ತೊಡೆಸಂದಿಯ ತೊಗಲಿಗೆ ಕೈಯನ್ನೇ ಹೊಲಿದಿಡುವ ಕ್ರಮವನ್ನು ಮೆಕ್‌ಗ್ರೆಗರ್, ಜಾಕ್ಸನ್ ಎಂಬವರು 1972ರಲ್ಲಿ ತಿಳಿಸಿದರು.

ಸಂಧಿಸಿದ ಬೆರಳುಗಳನ್ನು ಬಿಡಿಸಿದ ದಿನವೇ ಕೆಲಸ ಮುಗಿಯದು. ಅಷ್ಟು ದಿನ ಅಲುಗದ ಕೀಲು ಬಿಗಿದಿರುತ್ತದೆ, ವಯಸ್ಸಾದವರಿಗೆ ಇನ್ನಷ್ಟು. ಮತ್ತೆ ಮಚ್ಚು ಹಿಡಿಯುವಷ್ಟಾಗಲು ದಿನವೂ ಬೆರಳನ್ನು ಮಡಿಸಿ ಬಿಡಿಸಿ ಸಾಧಿಸಬೇಕು.