ಮೂಕಿ ಮೇಲೆ ಎಷ್ಟು ಭಾರ?

ಡಲ್ಲಾಸ್‌ನಲ್ಲಿರೋ ಗೆಳೆಯನೊಬ್ಬ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ನಾಲ್ಕು ಲಿಂಕ್ ಕಳಿಸಿದ. ನಾಲ್ಕೂ ಟ್ರೇಲರ್ ಹಿಚ್‌ಗಳದ್ದು, ಅಂದ್ರೆ ಕಾರಿಗೂ ಅದರ ಹಿಂದೆ ಎಳೆಯುವ ಮನೆಗಾಡಿಗೂ ನಡುವೆ ಬರುವ ಕೊಂಡಿ. ಒಂದರ ಬೆಲೆ ಕೆಲವು ನೂರು ಡಾಲರ್, ಇನ್ನೊಂದರದ್ದು ಮೂರು ಸಾವಿರದ ಹತ್ತಿರ. ಕೆಳಗೆ ಒಂದೇ ಸಾಲು: "ಇದ್ರಲ್ಲಿ ಯಾವ್ದು ತಗೊಳ್ಲಿ?"

ಫೋನ್ ಮಾಡಿದೆ. ಇಪ್ಪತ್ತೈದು ಅಡಿಯ ಸೆಕೆಂಡ್ ಹ್ಯಾಂಡ್ ಟ್ರೇಲರ್ ತಗೊಂಡಿದ್ದಾನೆ. ಹೆಂಡತಿ ಮಕ್ಕಳ ಜೊತೆ ಮೊದಲ ಸಲ ಹೊರಟಾಗ ಹೈವೇಯಲ್ಲಿ ದೊಡ್ಡ ಟ್ರಕ್ ಒಂದು ಪಕ್ಕದಲ್ಲಿ ಹಾದುಹೋಯಿತಂತೆ. ಅಷ್ಟೇ, ಟ್ರೇಲರ್ ಎಡಕ್ಕೆ ಬಲಕ್ಕೆ ತೂಗೋಕೆ ಶುರು. "ಯಾರೋ ಹಿಂದಿನಿಂದ ಕಾರಿನ ಸೊಂಟ ಹಿಡ್ಕೊಂಡು ಅಲ್ಲಾಡಿಸಿದ ಹಾಗಾಯ್ತು ಮಾರಾಯ. ಸ್ಟಿಯರಿಂಗ್ ನನ್ನ ಕೈಲಿತ್ತು, ಗಾಡಿ ಇರಲಿಲ್ಲ." ಮುಂದಿನ ತಿಂಗಳು ಹಾಸನದಿಂದ ಅಪ್ಪ ಅಮ್ಮ ಬರ್ತಾರೆ, ಎಲ್ಲರನ್ನೂ ಕೂರಿಸಿಕೊಂಡು ಕೊಲರಾಡೋಗೆ ಹೋಗಬೇಕು. ಹಾಗಾಗಿ ಅತ್ಯಂತ ದುಬಾರಿ ಹಿಚ್ ತಗೊಂಡುಬಿಡೋಣ ಅಂತ ಅವನ ಯೋಚನೆ.

"ಟ್ರೇಲರ್ ಮೂತಿ ಕಾರಿನ ಮೇಲೆ ಎಷ್ಟು ಭಾರ ಹಾಕ್ತಿದೆ?" ಅಂತ ಕೇಳಿದೆ. ಗೊತ್ತಿಲ್ಲ ಅಂದ. ಹಾಗಾದ್ರೆ ಹಿಚ್ ಆಮೇಲೆ ನೋಡೋಣ, ಮೊದಲು ಅದರ ಕಥೆ ಕೇಳು ಅಂದೆ. ಆ ಕಥೆಯನ್ನೇ ಇಲ್ಲಿ ಬರೀತಿದ್ದೀನಿ.

ಎತ್ತಿನಗಾಡಿ ಹೊಡೆದವರಿಗೆ ಈ ಪ್ರಶ್ನೆ ಹೊಸದಲ್ಲ. ಹುಲ್ಲೋ ಮೂಟೆಯೋ ಹೇರುವಾಗ ಹಿಂದೆ ಜಾಸ್ತಿಯಾದರೆ ಗಾಡಿ ಹಿಂಭಾರ. ಮೂಕಿ ಮೇಲೇಳುತ್ತೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂದೆ ಜಾಸ್ತಿಯಾದರೆ ಮುಂಭಾರ. ನೊಗ ಹೆಗಲ ಮೇಲೆ ಕೂರುತ್ತೆ. ಹಾಗಾಗಿ ಗಾಡಿಯವನು ಹೇರಿದ ಮೇಲೆ ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡ್ತಾನೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದವರು. ಮ್ಯಾನೇಜ್‌ಮೆಂಟ್ ಪ್ರೊಫೆಸರ್‌ಗೆ ಇದೇಕೆ ಅಂತ ನಗುವವರು ಇದ್ದರೇನೋ. ಆದರೆ ಎತ್ತಿನ ಕತ್ತಿನ ಮೇಲೆ ಎಷ್ಟು ಭಾರ ಅನ್ನೋದು ಲಕ್ಷಾಂತರ ಪ್ರಾಣಿಗಳ ನೋವಿನ ಪ್ರಶ್ನೆಯಾಗಿತ್ತು.

ಅಮೆರಿಕದಲ್ಲಿ ಎತ್ತಿನ ಜಾಗಕ್ಕೆ ಕಾರು ಬಂದಾಗ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ಅದಕ್ಕೆ ಸೊಗಸಾದ ಉತ್ತರ ಕೊಟ್ಟವರಲ್ಲಿ ಗ್ಲೆನ್ ಕರ್ಟಿಸ್ ಒಬ್ಬ. ಹೌದು, ರೈಟ್ ಸಹೋದರರ ಪ್ರತಿಸ್ಪರ್ಧಿಯಾಗಿದ್ದ ಅದೇ ವಿಮಾನದ ಕರ್ಟಿಸ್. 1920ರ ದಶಕದ ಕೊನೆಗೆ ಫ್ಲಾರಿಡಾದಲ್ಲಿ ಏರೋಕಾರ್ ಅನ್ನೋ ಟ್ರೇಲರ್ ಮಾಡಿದ. ಅದರ ಮೂತಿಯನ್ನು ಬಂಪರ್‌ಗೆ ಕಟ್ಟಲಿಲ್ಲ. ಕಾರಿನ ಹಿಂಭಾಗದ ಒಳಗೇ ವಿಮಾನದ ಟಯರ್ ಒಂದನ್ನು ಅಡ್ಡಡ್ಡಲಾಗಿ ಮಲಗಿಸಿ, ಅದರ ನಡುವೆ ಟ್ರೇಲರ್‌ನ ಕೊಂಡಿ ಕೂರಿಸಿದ. ಕುಲುಕಾಟವನ್ನು ಟಯರಿನ ಗಾಳಿ ನುಂಗುತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು, ಭಾರ ಬೀಳುವ ಜಾಗ ಕಾರಿನ ಹಿಂದಿನ ಚಕ್ರಗಳ ಹತ್ತಿರ ಬಂತು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕರ್ಟಿಸ್ 1930ರಲ್ಲಿ ತೀರಿಕೊಂಡ. ಟ್ರೇಲರ್ ಹುಚ್ಚು ಮಾತ್ರ ಆಮೇಲೆಯೇ ಏರಿದ್ದು. 1936ರಲ್ಲಿ ವಾಲಿ ಬೈಯಮ್ ಅಲ್ಯೂಮಿನಿಯಂ ಮೈಯ ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದ. ಬೆಲೆ 1,200 ಡಾಲರ್. ಇನ್ನು ಇಪ್ಪತ್ತು ವರ್ಷದಲ್ಲಿ ಅಮೆರಿಕದ ಅರ್ಧ ಜನ ಟ್ರೇಲರ್‌ನಲ್ಲೇ ವಾಸ ಮಾಡ್ತಾರೆ ಅಂತ ರೋಜರ್ ಬ್ಯಾಬ್ಸನ್ ಅನ್ನೋ ಅರ್ಥತಜ್ಞ ಭವಿಷ್ಯ ನುಡಿದದ್ದೂ ಆ ದಶಕದಲ್ಲೇ. ಅದು ಸುಳ್ಳಾಯಿತು ಬಿಡಿ. ಆದರೆ ಲಕ್ಷಾಂತರ ಜನ ರಸ್ತೆಗಿಳಿದದ್ದು ನಿಜ. ಅವರಿಗೆಲ್ಲ ಕಾರಿನ ಬೆನ್ನು ಕೊಯ್ದು ಟಯರ್ ಕೂರಿಸುವ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು, ಅದರ ಮೇಲೆ ಟ್ರೇಲರ್‌ನ ಬಟ್ಟಲು. ಸುಲಭ, ಅಗ್ಗ. ಅದೇ ಗೆದ್ದಿತು.

ಈ ಗುಂಡಿನದ್ದೇ ತಕರಾರು. ಅದು ಹಿಂದಿನ ಚಕ್ರಗಳಿಗಿಂತ ಸಾಕಷ್ಟು ಹಿಂದಿರುತ್ತೆ. ಲೆಕ್ಕ ಸುಲಭ: ಗುಂಡಿನ ಮೇಲೆ 300 ಕೆ.ಜಿ. ಭಾರ, ಗುಂಡು ಹಿಂದಿನ ಚಕ್ರದಿಂದ 1.5 ಮೀಟರ್ ಹಿಂದೆ, ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತಿಟ್ಟುಕೊಳ್ಳಿ. ಏತದ ಹಾಗೆ ಹಿಂದೆ ಒತ್ತಿದರೆ ಮುಂದೆ ಏಳಬೇಕಲ್ಲ? ಮುಂದಿನ ಚಕ್ರಗಳಿಂದ 150 ಕೆ.ಜಿ. ಎದ್ದುಹೋಗುತ್ತೆ. ಹಿಂದಿನ ಚಕ್ರಗಳ ಮೇಲೆ 300 ಅಲ್ಲ, 450 ಬೀಳುತ್ತೆ. ಸ್ಟಿಯರಿಂಗ್ ಹಗುರ, ಬ್ರೇಕ್ ಹಗುರ, ಹೆಡ್‌ಲೈಟ್ ಆಕಾಶಕ್ಕೆ. ಎರಡನೇ ಮಹಾಯುದ್ಧದ ನಂತರ ಟ್ರೇಲರ್‌ಗಳು ಉದ್ದವಾದವು, ಕಾರುಗಳ ಸ್ಪ್ರಿಂಗ್ ಮೆತ್ತಗಾಯಿತು. ತಕರಾರು ಕಣ್ಣಿಗೆ ಕಾಣೋ ಹಾಗಾಯಿತು.

ಆ ಕಾಲ ಹೇಗಿತ್ತು ಅಂತ ನೋಡಬೇಕಾದರೆ 1954ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೇಲರ್' ಸಿನಿಮಾ ನೋಡಿ. ಲೂಸಿಲ್ ಬಾಲ್ ಮತ್ತು ದೇಸಿ ಅರ್ನಾಜ್, ನಿಜಜೀವನದಲ್ಲೂ ಗಂಡ ಹೆಂಡತಿ. ಹೊಸದಾಗಿ ಮದುವೆಯಾದ ಜೋಡಿ, ಹಿಂದೆ 36 ಅಡಿಯ ಟ್ರೇಲರ್. ಹೋದ ಜಾಗದಲ್ಲೆಲ್ಲ ಹೆಂಡತಿ ನೆನಪಿಗೆ ಅಂತ ಕಲ್ಲುಗಳನ್ನು ಎತ್ತಿ ಟ್ರೇಲರ್‌ಗೆ ತುಂಬ್ತಾಳೆ. ಬೆಟ್ಟ ಹತ್ತುವ ಮೊದಲು ಎಲ್ಲ ಬಿಸಾಕು ಅಂತಾನೆ ಗಂಡ. ಅವಳು ಬಚ್ಚಿಡ್ತಾಳೆ. ಪ್ರಪಾತದ ಅಂಚಿನ ರಸ್ತೆಯಲ್ಲಿ ಕಲ್ಲುಗಳು ಉರುಳೋಕೆ ಶುರುವಾದಾಗ ಮದುವೆಯೂ ಅವುಗಳ ಜೊತೆ ಉರುಳುವ ಹಂತಕ್ಕೆ ಬರುತ್ತೆ. ನಕ್ಕು ನಕ್ಕು ಸಾಕಾಗುತ್ತೆ. ಆದರೆ ಟ್ರೇಲರ್ ಎಳೆದವರು ಆ ದೃಶ್ಯದಲ್ಲಿ ಅಷ್ಟಾಗಿ ನಗಲ್ಲ.

ಸುಮಾರು ಅದೇ ದಶಕದಲ್ಲಿ ಭಾರ ಹಂಚುವ ಹಿಚ್ ಬಳಕೆಗೆ ಬಂತು. ಅದರ ತಂತ್ರ ಅರ್ಥ ಆಗಬೇಕಾದರೆ ಕಾರಿನ ಹಿಂಭಾಗಕ್ಕೆ ತಳ್ಳುಗಾಡಿಯಂಥ ಎರಡು ಉದ್ದ ಹಿಡಿಕೆ ಸಿಕ್ಕಿಸಿದ್ದೀರಿ ಅಂತ ಊಹಿಸಿಕೊಳ್ಳಿ. ಹಿಡಿಕೆ ಹಿಡಿದು ಮೇಲೆತ್ತಿದರೆ ಏನಾಗುತ್ತೆ? ಕಾರಿನ ಹಿಂಭಾಗ ಏಳುತ್ತೆ, ಮುಂದಿನ ಚಕ್ರಗಳು ನೆಲಕ್ಕೆ ಒತ್ತುತ್ತವೆ. ಆ ಹಿಡಿಕೆಗಳೇ ಸ್ಪ್ರಿಂಗ್ ಬಾರ್. ಗುಂಡಿನ ಕೆಳಗಿಂದ ಹೊರಟು ಟ್ರೇಲರ್‌ನ ಮೂತಿಯುದ್ದಕ್ಕೂ ಹೋಗ್ತವೆ. ತುದಿಯನ್ನು ಸರಪಳಿಯಲ್ಲಿ ಬಿಗಿದು ಎಳೆದು ಕಟ್ಟಿದಾಗ ಬಿಲ್ಲಿನ ಹಾಗೆ ಬಾಗುತ್ತವೆ. ಗುಂಡಿನ ಭಾರದ ಒಂದು ಪಾಲು ಕಾರಿನ ಮುಂದಿನ ಚಕ್ರಕ್ಕೂ ಇನ್ನೊಂದು ಪಾಲು ಟ್ರೇಲರ್‌ನ ಚಕ್ರಕ್ಕೂ ಹೋಗುತ್ತೆ. ಭಾರ ಕಡಿಮೆಯಾಗಲ್ಲ, ಹಂಚಿಹೋಗುತ್ತೆ ಅಷ್ಟೇ. ಕಾರು ಎರಡೂವರೆ ಟನ್ ಎಳೆಯುವ ತಾಕತ್ತಿನದ್ದಾದರೆ ಈ ಹಿಚ್ ಹಾಕಿದ ಮಾತ್ರಕ್ಕೆ ಮೂರು ಟನ್ನಿನದ್ದಾಗಲ್ಲ. ಇದನ್ನು ಮರೆತವರು ಇವತ್ತಿಗೂ ಇದ್ದಾರೆ.

ಈಗ ಗೆಳೆಯನ ತೂಗಾಟಕ್ಕೆ ಬರೋಣ. ಮೂತಿ ಕುಸಿಯುವುದು ಒಂದು ಕಾಯಿಲೆ, ಬಾಲ ಬೀಸುವುದು ಇನ್ನೊಂದು. ಟ್ರೇಲರ್‌ನ ಮೂತಿ ತೀರ ಹಗುರವಾದರೆ, ಅಂದರೆ ಗಾಡಿ ಹಿಂಭಾರವಾದರೆ, ಒಂದು ವೇಗ ದಾಟಿದ ಮೇಲೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತೆ. ಆ ವೇಗಕ್ಕಿಂತ ಕೆಳಗೆ ಟ್ರೇಲರ್ ಎಷ್ಟೇ ಓಲಾಡಿದರೂ ತಾನೇ ತಣ್ಣಗಾಗುತ್ತೆ. ಅದಕ್ಕೇ ಇದು ಮೋಸದ ಕಾಯಿಲೆ: 80ರಲ್ಲಿ ಸಾಧುವಾಗಿದ್ದ ಟ್ರೇಲರ್ 105ರಲ್ಲಿ ಬೇರೆಯೇ ಪ್ರಾಣಿ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಭಾರವನ್ನು ಬೇಕಾದ ಹಾಗೆ ಸರಿಸಬಹುದಾದ ಟ್ರೇಲರ್ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದಾರೆ. ಒಟ್ಟು ತೂಕದಷ್ಟೇ, ಆ ತೂಕ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ. ಎರಡು ತುದಿಗೂ ಭಾರ ಹಾಕಿದರೆ ಜಿಮ್‌ನ ಡಂಬೆಲ್ ತರಹ, ಒಮ್ಮೆ ತಿರುಗಲು ಹೊರಟರೆ ನಿಲ್ಲಿಸೋದು ಕಷ್ಟ. ಭಾರವಾದದ್ದು ಚಕ್ರಗಳ ಹತ್ತಿರವೇ, ಸ್ವಲ್ಪ ಮುಂದಕ್ಕೆ ಇರಬೇಕು.

ತಮಾಷೆ ಅಂದ್ರೆ ಇದೇ ಕಾಯಿಲೆಗೆ ಯುರೋಪ್ ಬೇರೆ ಮದ್ದು ಹುಡುಕಿತು. ಅಲ್ಲಿನ ಕಾರು ಚಿಕ್ಕದು, ಗುಂಡಿನ ಮೇಲೆ 75ರಿಂದ 100 ಕೆ.ಜಿ. ಇಟ್ಟರೆ ಬಹಳವಾಯಿತು. ಹಾಗಾಗಿ ಟ್ರೇಲರ್ ಹಗುರ ಮಾಡಿದರು, ಕೊಂಡಿಯೊಳಗೇ ಗುಂಡನ್ನು ಹಿಡಿದು ಉಜ್ಜುವ ಪ್ಯಾಡ್ ಇಟ್ಟರು, ವೇಗಕ್ಕೆ ಕಡಿವಾಣ ಹಾಕಿದರು. ಜರ್ಮನಿಯಲ್ಲಿ ಟ್ರೇಲರ್ ಎಳೆಯೋರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ. ಅಮೆರಿಕದವರಿಗೆ ವೇಗವೂ ಬೇಕು, ಉದ್ದದ ಟ್ರೇಲರೂ ಬೇಕು. ಹಾಗಾಗಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಮೇಲಿರಲಿ ಅನ್ನೋ ರೂಢಿ. ಆ ಮುಂಭಾರ ಹೊರೋಕೆ ಸ್ಪ್ರಿಂಗ್ ಬಾರ್ ಬೇಕೇ ಬೇಕು.

ಅದಾದ ಮೇಲೆ ಅಮೆರಿಕದಲ್ಲಿ ತೂಗಾಟ ತಡೆಯುವ ಉಪಾಯಗಳು ಒಂದೊಂದಾಗಿ ಸೇರಿಕೊಂಡವು. ಮೊದಲನೆಯದು ಪಕ್ಕಕ್ಕೆ ಸಿಕ್ಕಿಸುವ ಘರ್ಷಣೆಯ ಸರಳು. ಅಗ್ಗ, ಆದರೆ ಜೋರಾಗಿ ತಿರುಗಿಸಿ ರಿವರ್ಸ್ ತಗೊಳ್ಳೋ ಮೊದಲು ಕಳಚಬೇಕು. ಎರಡನೆಯದು ಸ್ಪ್ರಿಂಗ್ ಬಾರನ್ನೇ ಉಜ್ಜುವ ಹಾಗೆ ಮಾಡಿದ್ದು, ಈಕ್ವಲೈಸರ್ ಹಿಚ್ ಈ ಜಾತಿಯದ್ದು. ಮೂರನೆಯದು ಬಾರ್‌ನ ತುದಿಯನ್ನು ಒಂದು ಗುಳಿಯಲ್ಲಿ ಕೂರಿಸಿದ್ದು, ರೀಸ್ ಕಂಪನಿಯ ಡ್ಯುಯಲ್ ಕ್ಯಾಮ್ ಹಾಗಿದೆ. ಟ್ರೇಲರ್ ಪಕ್ಕಕ್ಕೆ ಸರಿಯಬೇಕಾದರೆ ಗುಳಿಯಿಂದ ಹತ್ತಿ ಬರಬೇಕು. ಇವೆಲ್ಲ ತೂಗಾಟಕ್ಕೆ ಎದುರು ಒತ್ತುವ ಉಪಾಯಗಳು.

ಜಿಮ್ ಹೆನ್ಸ್ಲೆ ಅನ್ನೋ ಅಮೆರಿಕದ ಸಂಶೋಧಕ ಮಾತ್ರ ಬೇರೆ ದಾರಿ ಹಿಡಿದ. 1990ರ ದಶಕದಲ್ಲಿ ಅವನ ಹೆಸರಿನ ಹಿಚ್ ಮಾರುಕಟ್ಟೆಯಲ್ಲಿತ್ತು. ಗುಂಡಿನ ಸುತ್ತ ಒಂದರತ್ತ ಒಂದು ವಾಲಿದ ಎರಡು ಕೊಂಡಿಗಳ ಚೌಕಟ್ಟು. ಅದರ ಪರಿಣಾಮ ಏನಪ್ಪಾ ಅಂದ್ರೆ, ಟ್ರೇಲರ್ ತಿರುಗುವ ಬಿಂದು ಗುಂಡಿನಲ್ಲಿ ಇರೋದಿಲ್ಲ, ಮುಂದಕ್ಕೆ, ಕಾರಿನ ಹಿಂದಿನ ಚಕ್ರಗಳ ಕಡೆಗೆ ಸರಿದ ಹಾಗಾಗುತ್ತೆ. ಕಾರು ಟ್ರೇಲರನ್ನು ತಿರುಗಿಸಬಲ್ಲದು, ಟ್ರೇಲರ್ ಕಾರನ್ನು ತಿರುಗಿಸಲಾರದು. ಕರ್ಟಿಸ್ ನೆನಪಾದನಾ? ಅವನು ಕಾರಿನೊಳಗೆ ಟಯರ್ ಮಲಗಿಸಿ ಸಾಧಿಸಿದ್ದನ್ನು ಇವನು ಕೊಂಡಿಗಳ ಲೆಕ್ಕಾಚಾರದಲ್ಲಿ ಸಾಧಿಸಿದ. ನಡುವೆ ಅರುವತ್ತು ವರ್ಷಕ್ಕೂ ಹೆಚ್ಚು. ಅಗ್ಗದ ಗುಂಡು ಗೆದ್ದ ಮೇಲೆ, ಅದರ ತಪ್ಪು ತಿದ್ದೋಕೆ ಮೂರು ತಲೆಮಾರಿನ ಎಂಜಿನಿಯರುಗಳು ಬೇಕಾದರು. ಸಾಫ್ಟ್‌ವೇರ್‌ನಲ್ಲಿರೋರಿಗೆ ಈ ಕಥೆ ಗೊತ್ತಿರೋದೇ ಅಲ್ವಾ: ಲೆಗಸಿ ಸಿಸ್ಟಮ್ ಮೇಲೆ ಪ್ಯಾಚ್ ಮೇಲೆ ಪ್ಯಾಚ್!

ಇತ್ತೀಚೆಗೆ ಕಾರುಗಳೇ ತೂಗಾಟ ಗುರುತಿಸಿ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಆದರೆ ಅದು ಕೆಲಸ ಶುರುಮಾಡೋದು ತೂಗಾಟ ಶುರುವಾದ ಮೇಲೆ.

ಇಷ್ಟು ಕೇಳಿದ ಮೇಲೆ ಗೆಳೆಯ ಸುಮ್ಮನಾದ. ಮರುದಿನ ಟ್ರಕ್ ಸ್ಟಾಪ್‌ನ ವೇಬ್ರಿಡ್ಜ್‌ಗೆ ಹೋದ. ನೀರು, ಪಾತ್ರೆ, ಸೈಕಲ್ ಎಲ್ಲ ತುಂಬಿದ ಟ್ರೇಲರ್ 2,800 ಕೆ.ಜಿ. ಮೂತಿಯ ಮೇಲೆ ಬರೀ 210. ಶೇ. ಏಳೂವರೆ. ಹಿಂದಿನ ಬಂಪರ್‌ಗೆ ನಾಲ್ಕು ಸೈಕಲ್ ನೇತುಹಾಕಿದ್ದ. ನೀರಿನ ಟ್ಯಾಂಕ್ ಚಕ್ರಗಳ ಹಿಂದಿತ್ತು, ಅದೂ ಭರ್ತಿ. ಹಾಸನದ ಗಾಡಿಯವನಾಗಿದ್ದರೆ ಮೂಕಿ ಮುಟ್ಟಿದ ತಕ್ಷಣ ಹಿಂಭಾರ ಅಂದುಬಿಡ್ತಿದ್ದ. ಸೈಕಲ್‌ಗಳನ್ನು ಕಾರಿನ ತಲೆ ಮೇಲೆ ಕಟ್ಟಿದ, ಟ್ಯಾಂಕ್ ಖಾಲಿ ಮಾಡಿದ. ಮತ್ತೆ ತೂಗಿದಾಗ ಒಟ್ಟು 2,570, ಮೂತಿಯ ಮೇಲೆ 325. ಶೇ. ಹನ್ನೆರಡಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಡಾಲರ್‌ನ ಹಿಚ್ಚೂ ಕೊಳ್ಳದೆ ಅರ್ಧ ಕಾಯಿಲೆ ವಾಸಿ.

ಆಮೇಲೆ ಆಯ್ಕೆ ಸುಲಭವಾಯಿತು. 325 ಕೆ.ಜಿ. ಜೊತೆಗೆ ಡಿಕ್ಕಿಯಲ್ಲಿಡುವ ಸಾಮಾನನ್ನೂ ಸೇರಿಸಿ, ಅದಕ್ಕೆ ತಕ್ಕ ಸ್ಪ್ರಿಂಗ್ ಬಾರ್. ತೀರ ಬಲವಾದದ್ದು ಬೇಡ, ಅದು ಬಾಗದೆ ಕಾರಿನ ಚೌಕಟ್ಟಿಗೇ ಏಟು ಕೊಡುತ್ತೆ. ಬಾರ್‌ಗಳೇ ಉಜ್ಜುವ ಮಧ್ಯಮ ಬೆಲೆಯ ಹಿಚ್ ಸಾಕು ಅಂದೆ. ಮೂರು ಸಲ ತೂಗು ಅಂತಲೂ ಹೇಳಿದೆ: ಕಾರು ಒಂದೇ, ಬಾರ್ ಬಿಗಿಯದೆ ಟ್ರೇಲರ್ ಜೊತೆ, ಬಾರ್ ಬಿಗಿದು ಟ್ರೇಲರ್ ಜೊತೆ. ಮುಂದಿನ ಚಕ್ರಗಳು ಕಳಕೊಂಡ ಭಾರ ಎಷ್ಟು ವಾಪಸ್ ಬಂತು ಅಂತ ಆಗ ಗೊತ್ತಾಗುತ್ತೆ. ಎಷ್ಟು ಬರಬೇಕು ಅನ್ನೋದು ಕಾರಿನ ಕೈಪಿಡಿಯಲ್ಲಿರುತ್ತೆ. ದುಬಾರಿ ಹಿಚ್ ಕೆಟ್ಟದ್ದಲ್ಲ. ಕಾರು ಚಿಕ್ಕದು, ಟ್ರೇಲರ್ ಉದ್ದದ್ದು, ಗಾಳಿಯ ಬಯಲುಸೀಮೆಯಲ್ಲಿ ಪದೇ ಪದೇ ಓಡಾಟ ಅಂದ್ರೆ ಅದಕ್ಕೆ ಬೆಲೆಯಿದೆ. ಆದರೆ ಹಿಂಭಾರವನ್ನು ಮುಚ್ಚಿಹಾಕೋಕೆ ಅದನ್ನು ಕೊಳ್ಳಬಾರದು.

ಇಷ್ಟಾದರೂ ತೂಗಾಡಿದರೆ? ಕಾರಿನ ಬ್ರೇಕ್ ಜೋರಾಗಿ ಒತ್ತಬೇಡ. ಸ್ಟಿಯರಿಂಗ್ ನೆಟ್ಟಗೆ ಹಿಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗಿ, ಟ್ರೇಲರ್ ಬ್ರೇಕಿನ ಸ್ವಿಚ್ಚನ್ನು ಕೈಯಿಂದ ಒತ್ತು.

ಕೊಲರಾಡೋದಿಂದ ಫೋಟೋ ಬಂತು. ಬೆಟ್ಟದ ಕೆಳಗೆ ಟ್ರೇಲರ್, ಅದರ ನೆರಳಲ್ಲಿ ಮಡಚುವ ಕುರ್ಚಿ ಹಾಕ್ಕೊಂಡು ಅವನ ಅಪ್ಪ. ಚಿಕ್ಕ ವಯಸ್ಸಲ್ಲಿ ಗಾಡಿ ಹೊಡೆದವರಂತೆ. ಹೊರಡೋ ದಿನ ಮಗ ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟು ಅಳೆಯೋದನ್ನು ನೋಡಿ, "ಮೂಕಿ ನೋಡ್ತಿದ್ದೀಯೇನೋ?" ಅಂತ ಕೇಳಿದರಂತೆ.