ಇಂಗಾಲಕ್ಕೆ ಮಣಿದ ಕ್ರೋಮೈಟ್

ಕ್ರೋಮೈಟ್ ಅದಿರಿನಲ್ಲಿ ಕಬ್ಬಿಣ, ಕ್ರೋಮಿಯಂ, ಆಮ್ಲಜನಕ ಒಂದೇ ಗಟ್ಟಿ ಹರಳಿನೊಳಗೆ ಬೆಸೆದುಕೊಂಡಿರುತ್ತವೆ. ಇಂಗಾಲದಿಂದ ಆ ಆಮ್ಲಜನಕವನ್ನು ಕಿತ್ತು ಲೋಹ ಪಡೆಯುವ ವಿದ್ಯೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಪ್ಯಾರಿಸ್ಸಿನ ರಸಾಯನ ವಿಜ್ಞಾನಿ ವೋಕ್ಲಾಂ 1797ರಲ್ಲಿ ಸೈಬೀರಿಯದ ಕೆಂಪು ಸೀಸದ ಖನಿಜದಲ್ಲಿ ಕ್ರೋಮಿಯಂ ಇರುವುದನ್ನು ಕಂಡುಕೊಂಡ; ಮರುವರ್ಷ ಅದರ ಆಕ್ಸೈಡನ್ನು ಇದ್ದಿಲಿನೊಂದಿಗೆ ಮೂಸೆಯಲ್ಲಿ ಕಾಯಿಸಿ ಲೋಹ ತೆಗೆದ. ಕಬ್ಬಿಣ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲವೆಂದು 1821ರಲ್ಲಿ ಪಿಯರ್ ಬರ್ತಿಯೆ ತೋರಿಸಿದ.

ಮೂಸೆಯಿಂದ ಕಾರ್ಖಾನೆಗೆ ಬರುವ ದಾರಿಗೆ ಶಾಖವೇ ಅಡ್ಡಿಯಾಗಿತ್ತು. ಅದಿರಿನೊಳಗಿನ ಕಬ್ಬಿಣ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲಕ್ಕೆ ಮಣಿದರೂ ಕ್ರೋಮಿಯಂ 1,200 ದಾಟುವವರೆಗೆ ಅಲುಗುವುದಿಲ್ಲ. ಲೋಹವೂ ಕಿಟ್ಟವೂ ಕರಗಿ ಬೇರ್ಪಡಲು 1,600ಕ್ಕೂ ಹೆಚ್ಚು ಬೇಕು. 1893ರಲ್ಲಿ ಆನ್ರಿ ಮ್ವಾಸಾನ್ ವಿದ್ಯುತ್ ಕುಲುಮೆಯಲ್ಲಿ ಫೆರೋಕ್ರೋಮ್, ಅಂದರೆ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹ, ತಯಾರಿಸಿದ ಮೇಲೆ ಆ ಅಡ್ಡಿ ಕಳೆಯಿತು. ಆದರೆ ಲೋಹ ಇಂಗಾಲವನ್ನೂ ಹೀರಿಕೊಂಡು ಬರುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲ್ ತಯಾರಕರಿಗೆ ಅದು ಬೇಡವಾದ್ದರಿಂದ ಇಂಗಾಲ ಕಡಿಮೆಯಿದ್ದ, ದುಬಾರಿ ಫೆರೋಕ್ರೋಮನ್ನೇ ಅವರು ಕೊಳ್ಳಬೇಕಾಗಿತ್ತು. 1960ರ ದಶಕದ ಕೊನೆಗೆ, ಕರಗಿದ ಉಕ್ಕಿಗೆ ಆರ್ಗಾನ್ ಮತ್ತು ಆಮ್ಲಜನಕವನ್ನು ಒಟ್ಟಿಗೆ ಊದಿ ಕ್ರೋಮಿಯಂ ಉಳಿಸಿಕೊಂಡೇ ಇಂಗಾಲ ಸುಡುವ ಪದ್ಧತಿ ಬಳಕೆಗೆ ಬಂತು. ಇಂಗಾಲ ಹೆಚ್ಚಿದ್ದ ಅಗ್ಗದ ಫೆರೋಕ್ರೋಮಿಗೆ ಮಾರುಕಟ್ಟೆ ತೆರೆದುಕೊಂಡಿತು.

ಅಲ್ಲಿಂದ ಮುಂದಿನ ಹೆಚ್ಚಿನ ಸುಧಾರಣೆ ವಿದ್ಯುತ್ ಉಳಿಸುವುದರ ಸುತ್ತ ನಡೆಯಿತು. ಹಳೆಯ ಬಗೆಯ ಕುಲುಮೆ ಒಂದು ಟನ್ ಫೆರೋಕ್ರೋಮಿಗೆ ಸುಮಾರು 4,000 ಯುನಿಟ್ ನುಂಗುತ್ತಿತ್ತು. ಪುಡಿ ಅದಿರು ಇನ್ನೊಂದು ತಲೆನೋವು. ಅದನ್ನು ಹಾಗೆಯೇ ಸುರಿದರೆ ಅನಿಲ ಮೇಲೇರುವ ದಾರಿ ಕಟ್ಟಿಕೊಳ್ಳುತ್ತದೆ. ಫಿನ್ಲೆಂಡಿನ ಕೆಮಿಯಲ್ಲಿ 1959ರಲ್ಲಿ ಸಿಕ್ಕ ಅದಿರಿಗಾಗಿ 1968ರಲ್ಲಿ ತೋರ್ನಿಯೊದಲ್ಲಿ ಕಾರ್ಖಾನೆ ಆರಂಭವಾಯಿತು. ಅಲ್ಲಿ ಪುಡಿಯನ್ನು ಉಂಡೆ ಕಟ್ಟಿ ಸುಟ್ಟು ಗಟ್ಟಿ ಮಾಡುತ್ತಾರೆ. ಮುಚ್ಚಿದ ಕುಲುಮೆಯಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡನ್ನು ಉರಿಸಿ ಉಂಡೆಗಳನ್ನು ಮೊದಲೇ ಬಿಸಿ ಮಾಡುತ್ತಾರೆ.

ಜಪಾನಿನ ಶೋವಾ ಡೆಂಕೋ ಕಂಪನಿ ಇನ್ನೂ ಧೈರ್ಯದ ಹೆಜ್ಜೆ ಇಟ್ಟಿತು. ಅದರ ವಿಧಾನದಲ್ಲಿ ಅದಿರು ಮತ್ತು ಕೋಕ್ ಎರಡನ್ನೂ ನುಣ್ಣಗೆ ಅರೆದು ಒಂದೇ ಉಂಡೆಯಲ್ಲಿ ಸೇರಿಸುತ್ತಾರೆ. ತಿರುಗುವ ಗೂಡಿನಲ್ಲಿ ಅದು ಕರಗದೆಯೇ ಬಹುಪಾಲು ಲೋಹವಾಗುತ್ತದೆ. ಬಿಸಿಯಾರುವ ಮುನ್ನ ಕುಲುಮೆ ಸೇರುತ್ತದೆ. 1970ರ ದಶಕದಲ್ಲಿ ಇದು ದಕ್ಷಿಣ ಆಫ್ರಿಕಾದ ಲೈಡನ್‌ಬರ್ಗಿಗೆ ಹೋಯಿತು. ಈ ದಾರಿಯಲ್ಲಿ ಬೆಳೆದ ವಿಧಾನಗಳು ಟನ್ನಿಗೆ ಸುಮಾರು 2,400 ಯುನಿಟ್‌ಗೆ ಇಳಿದಿವೆ. ಇದು ದೊಡ್ಡ ಉಳಿತಾಯ.

ಅರ್ಧ ಬೆಂದ ಉಂಡೆಯ ಕಣವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಳಿದ ತೊಡಕು ಕಾಣುತ್ತದೆ. ಅಂಚಿನಲ್ಲೂ ಬಿರುಕುಗಳಲ್ಲೂ ಲೋಹದ ಹೊಳೆವ ಚುಕ್ಕೆಗಳು. ಅಂಚಿನ ಒಳಬದಿಗೆ ಮೆಗ್ನೀಸಿಯಂ, ಅಲ್ಯುಮಿನಿಯಂ ತುಂಬಿದ ಮಂಕು ಪದರ. ನಡುವೆ ಹೆಚ್ಚೇನೂ ಬದಲಾಗದ ಅದಿರು. ಆ ಪದರ ದಾಟುವುದೇ ಕಷ್ಟ. ಸುಣ್ಣ, ಫ್ಲೋರೈಡ್‌ಗಳನ್ನು ಬೆರೆಸಿದರೆ ಕ್ರಿಯೆ ಚುರುಕಾಗುತ್ತದೆ, ಆದರೆ ಉಂಡೆಗಳು ಮೆತ್ತಗಾಗಿ ಗೂಡಿನ ಗೋಡೆಗೆ ಅಂಟಿಕೊಳ್ಳುವ ಅಪಾಯವಿದೆ.

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕ್ರೂಗರ್ಸ್‌ಡಾರ್ಪ್‌ನಲ್ಲಿ ಏಕಮುಖ ವಿದ್ಯುತ್ತಿನ ಚಾಪ ಕುಲುಮೆ ಬಂದಾಗ ಪುಡಿಯನ್ನು ಉಂಡೆ ಕಟ್ಟದೆ ನೇರವಾಗಿ ಸುರಿಯುವುದು ಸಾಧ್ಯವಾಯಿತು. ಪುಡಿ ಅದಿರಿನ ತೊಡಕು ಭಾರತಕ್ಕೂ ಇದೆ. ಇಲ್ಲಿನ ಕ್ರೋಮೈಟ್ ಬಹುತೇಕ ಒಡಿಶಾದ ಸುಕಿಂದಾ ಕಣಿವೆಯದು. ಅದರಲ್ಲಿ ಸುಲಭವಾಗಿ ಪುಡಿಯಾಗುವ ಅದಿರೇ ಹೆಚ್ಚು. ಇಲ್ಲಿನ ಕಾರ್ಖಾನೆಗಳಲ್ಲಿ ಸುಣ್ಣ ಮತ್ತು ಕಾಕಂಬಿ ಬೆರೆಸಿ ಅದನ್ನು ಬ್ರಿಕೆಟ್‌ಗಳಾಗಿ ಒತ್ತುವ ರೂಢಿ ಬೆಳೆದಿದೆ.