ಸಿರಿ ಪಾಡ್ದನ

ತುಳುನಾಡಿನ ದೀರ್ಘ ಮೌಖಿಕ ಕಾವ್ಯ. ಸಿರಿ ಮತ್ತು ಅವಳ ಸಂತತಿಯ ಹೆಣ್ಣುಮಕ್ಕಳ ಕಥೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಪಾಠವೊಂದೇ 15,683 ಸಾಲುಗಳಷ್ಟಿದೆ. ಫಿನ್ಲೆಂಡಿನ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಅದನ್ನು ದಾಖಲಿಸಿದರು. 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಮುರಿದುಹೋದ ಮೊದಲ ದಾಂಪತ್ಯ, ದೈವತ್ವ, ಹಾಡು ಈ ಮೂರೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಆದರೆ ಇದನ್ನು ಕಳೆದ ಪ್ರೀತಿಗಾಗಿ ಹಲುಬುವ ಕಥೆಯೆಂದು ಓದಿದರೆ ಅದರ ಸತ್ವವೇ ಕೈತಪ್ಪುತ್ತದೆ. ಸಿರಿಯ ಹಿರಿಮೆಯಿರುವುದು ಅವಳು ಬೇಡವೆಂದು ಹೇಳಿದ್ದರಲ್ಲಿ.

ಸತ್ಯನಾಪುರದ ಮುದುಕ ಬೆರ್ಮ ಆಳ್ವನಿಗೆ ಬೆರ್ಮೆರ್ ದೈವದ ಪ್ರಸಾದದ ಹಿಂಗಾರದಿಂದ ಹುಟ್ಟಿದವಳು ಸಿರಿ. ಬಸ್ರೂರಿನ ಕಾಂತು ಪೂಂಜನ ಕೈಹಿಡಿದು ಬಸುರಿಯಾಗುತ್ತಾಳೆ. ಗಂಡ ಬಯಕೆಯ ಸೀರೆ ತರುವ ದಾರಿಯಲ್ಲಿ ತನ್ನ ಪ್ರೇಯಸಿ ಸಿದ್ದುವಿನ ಮನೆ ಹೊಗುತ್ತಾನೆ. ಸಿದ್ದು ಆ ಸೀರೆಯನ್ನು ತಾನು ಮೊದಲು ಉಟ್ಟು ನೋಡುತ್ತಾಳೆ. ಅದನ್ನರಿತ ಸಿರಿ ಸೀರೆಯನ್ನು ಒಲ್ಲೆನೆನ್ನುತ್ತಾಳೆ. ಮುಂದೆ ಮಗ ಕುಮಾರ ಹುಟ್ಟುತ್ತಾನೆ, ಅವಳು ಅಜ್ಜನೆನ್ನುವ ಬೆರ್ಮ ಆಳ್ವ ತೀರಿಕೊಳ್ಳುತ್ತಾನೆ, ಸತ್ಯನಾಪುರದ ಬೀಡಿನ ಹಕ್ಕಿನ ನ್ಯಾಯ ಅವಳ ವಿರುದ್ಧ ಹೋಗುತ್ತದೆ. ಆಗ ಸಿರಿ ಗಂಡನನ್ನು ಬಿಟ್ಟು ಹೊರಡುತ್ತಾಳೆ. ಇದು ಪ್ರೀತಿಯ ಕಥೆಯಲ್ಲ, ಆಸ್ತಿಯ ಕಥೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಅಳಿಯಸಂತಾನದ ನಾಡಿನಲ್ಲಿ ಹೆಣ್ಣಿನ ಹಕ್ಕು ಸಣ್ಣ ಮಾತಲ್ಲ. ಆದರೂ ಮನಸ್ಸು ಮುರಿದದ್ದು ಸೀರೆಯ ಪ್ರಸಂಗದಲ್ಲಿ, ನ್ಯಾಯದ ಜಗಳ ಅದರ ನಂತರದ್ದು. ಕಾವ್ಯವೇ ಈ ಕ್ರಮವನ್ನು ಇಟ್ಟಿದೆ. ಮುಂದೆ ಅವಳು ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ. ಹಳೆಯ ಗಂಡನಿಗಾಗಿ ಕಾದು ಕೂರುವ ಪಾತಿವ್ರತ್ಯವನ್ನು ಈ ಹಾಡು ಅವಳ ಮೇಲೆ ಹೊರಿಸುವುದಿಲ್ಲ. ಆದರೂ ಅವಳಿಗೆ ಸತ್ಯದ ಸಿರಿಯೆಂದೇ ಕೈಮುಗಿಯುತ್ತದೆ.

ಈ ಸಿರಿಯ ಹೆಸರಿನಲ್ಲೇ ನಡೆಯುವ ಹುಣ್ಣಿಮೆಯ ಸಿರಿ ಜಾತ್ರೆಗಳಲ್ಲಿ ಹೆಂಗಸರು ಹಿಂಗಾರ ಹಿಡಿದು ತೂಗುತ್ತಾ ಆವೇಶಗೊಳ್ಳುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರ ತಮ್ಮ ಲೇಖನದಲ್ಲಿ ಇದನ್ನು ಸಾಮೂಹಿಕ ಆವೇಶದ ಪಂಥವಾಗಿ ಪರಿಶೀಲಿಸಿದರು. ಮನೆಯೊಳಗಿನ ಸಂಕಟ ಇಲ್ಲಿ ಹೊರಬರುತ್ತದೆಂಬ ವಿವರಣೆ ನಿಜವೇ, ಆದರೆ ಪೂರ್ಣವಲ್ಲ. ಸಂಕಟಕ್ಕೆ ಬಾಯಿ ಬರುವುದು ಪಾಡ್ದನದಿಂದ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ಸೀಮೆಯಲ್ಲಿ ನೇಜಿ ನೆಡುತ್ತಾ ಒಬ್ಬಳು ಹೇಳಿ ಉಳಿದವರು ದನಿಗೂಡಿಸಿ ಹಾಡುವ ರೂಢಿ ಪಾಡ್ದನದ ಧಾಟಿಯನ್ನು ಕಿವಿಗಳಲ್ಲಿ ಉಳಿಸಿತು. ಜಾತ್ರೆಯಲ್ಲಿ ಕುಮಾರನನ್ನು ಆವಾಹಿಸಿಕೊಂಡ ಪಾತ್ರಿ ರಾಗವಾಗಿ ಕರೆದು ಯಾರೆಂದು ಕೇಳುತ್ತಾನೆ. ಆವೇಶಗೊಂಡವಳು ತಾನು ಸಿರಿಯೋ, ಅವಳ ಮಗಳು ಸೊನ್ನೆಯೋ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ-ದಾರಗರಲ್ಲಿ ಒಬ್ಬಳೋ ಎಂಬುದನ್ನು ಅದೇ ಧಾಟಿಯಲ್ಲಿ ಹೇಳಬೇಕು.